ಎರವಿನ ಹೆಸರು

೮ ನವೆಂಬರ್ ೧೯೬೦, ಟಿಕೋಟಾ

ಇವತ್ತೂ ಕೊನೆಯ ಟ್ರಿಪ್ಪಿನಲ್ಲಿ ನಿಂತೇ ಬಂದೆ. ಗಾಡಿ ತುಂಬಿದರೆ ಕಂಡಕ್ಟರಿಗೆ ಸೀಟು ಎಲ್ಲಿ? ಮೊಣಕಾಲು ಹಿಡಿದಿವೆ. ಬಾಯಿ ತುಂಬ ಧೂಳು.

ಚಂದ್ರಾ ಬಬಲೇಶ್ವರದಲ್ಲಿ, ತವರಿನಲ್ಲಿ ಹಡೆದಿದ್ದಾಳೆ. ಹೆಣ್ಣು. ಬಸ್ಸು ನಿಂತ ಹೊತ್ತಿನಲ್ಲಿ ಓಡಿ ಹೋಗಿ ನೋಡಿ ಬಂದೆ. ಡ್ರೈವರ್ ಲಾಲಸಾಬ ಹಾರ್ನ್ ಹೊಡೆಯುತ್ತಲೇ ಇದ್ದ. ಕೂಸು ಮುಷ್ಟಿ ಬಿಗಿ ಹಿಡಿದು ಮಲಗಿತ್ತು. ಎತ್ತಿಕೊಳ್ಳಲಿಲ್ಲ. ಹೆದರಿಕೆ.

ಇದು ಮೂರನೆಯದು. ಮೊದಲಿನ ಎರಡೂ ಉಳಿಯಲಿಲ್ಲ. ಸುಜಾತಾ. ಆಮೇಲೆ ರಾಹುಲ. ಎರಡೂ ಹೆಸರು ನಾನೇ ಆರಿಸಿದ್ದು.

ಮನೆಗೆ ಬಂದರೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮುಖ ಎತ್ತಲಿಲ್ಲ.

“ದಶರಥಾ, ಈ ಸಲ ನಿನ್ನ ಚಂದದ ಹೆಸರು ಬ್ಯಾಡೋ ಯಪ್ಪಾ. ತಿಪ್ಪಿ ಮ್ಯಾಲ ಹಾಕಿ ತೊಗೊಳ್ಳೂಣು. ತಿಪ್ಪವ್ವ ಅಂತ ಕರಿಯೂಣು.”

“ಅದು ನಿನ್ನ ಹೆಸರಲ್ಲ? ಇದ್ದವರ ಹೆಸರು ಇಡ್ತಾರೇನು?”

“ಹೌದು, ನಂದ. ನಾ ಉಳದಿಲ್ಲೇನು ಹಂಗಾರ?”

ಉಂಡು ಮಲಗಿದೆ.

೧೧ ನವೆಂಬರ್

ವಿಜಾಪುರದಲ್ಲಿ ಸಿದ್ಧೇಶ್ವರ ಗುಡಿ ಕಡೆಯ ಯಜಮಾನರೊಬ್ಬರು ಹತ್ತಿದರು. ಒಳ್ಳೆ ಮನುಷ್ಯ. ದಾರಿಯಲ್ಲಿ ಡಬ್ಬಿ ತೆರೆದರು. “ತೊಗೊಳ್ರಿ ಕಂಡಕ್ಟರ್ ಸಾಹೇಬ್ರ, ಮನ್ಯಾಗ ಮಾಡಿದ ಚಕ್ಕುಲಿ.” ಕೈ ಚಾಚುವಷ್ಟರಲ್ಲಿ ಹೆಸರು ಕೇಳಿದರು. ದಶರಥ ಎಂದೆ. “ಚಲೋ ಹೆಸರು. ಅಡ್ಡಹೆಸರು?”

ಹೇಳಿದೆ. ಡಬ್ಬಿ ಮುಚ್ಚಿತು. ಆಮೇಲೆ ಇಳಿಯುವ ತನಕ ಕಿಟಕಿಯಾಚೆ ನೋಡುತ್ತ ಕೂತರು.

ಖಾಕಿ ಇರುವಷ್ಟು ಹೊತ್ತು ಸಾಹೇಬ. ಊರಲ್ಲಿ ಇಳಿದರೆ ದಶ್ರ್ಯಾ. ಅವ್ವ ಇಷ್ಟು ವಯಸ್ಸಾದರೂ ತಿಪ್ಪಿ — ನಿನ್ನೆ ಹುಟ್ಟಿದ ಗೌಡರ ಹುಡುಗರಿಗೂ ತಿಪ್ಪಿ. ಬೌದ್ಧ ದೀಕ್ಷೆ ತೆಗೆದುಕೊಂಡ ದಿನವೇ ನಿಶ್ಚಯ ಮಾಡಿದ್ದೆ, ನನ್ನ ಮಕ್ಕಳ ಹೆಸರಿಗೆ ಈ ಗತಿ ಬರಬಾರದು. ಈ ಕೂಸಿಗೆ ಗೌತಮಿ. ಕೇಳಿದವರಿಗೆ ಯಾರ ಪೈಕಿ ಎಂದು ಗೊತ್ತಾಗಲಿ, ಆಗಲಿ ಬಿಡು... ತಲೆ ಎತ್ತಿ ಹೇಳುವ ಹೆಸರು.

ಲಾಲಸಾಬನಿಗೆ ಹೇಳಿದೆ. ಬೀಡಿ ಹಚ್ಚುತ್ತ ಅಂದ: “ಇಡಪಾ ಬೇಕಾದ್ದು. ಕರಿಯೋರ ಬಾಯಿ ಮಾತ್ರ ನಿನ್ನ ಕೈಯಾಗಿಲ್ಲ.”

೧೩ ನವೆಂಬರ್

ಅವ್ವನ ಜೊತೆ ಜಗಳ. ಮತ್ತದೇ ಕಥೆ. ಅವಳಿಗಿಂತ ಮೊದಲು ಹುಟ್ಟಿದವೆಲ್ಲ ಹೋದವಂತೆ. ಇವಳನ್ನು ತಿಪ್ಪೆಯ ಮೇಲೆ ಮಲಗಿಸಿದರಂತೆ. ಒಬ್ಬ ಮುದುಕಿ ಎತ್ತಿಕೊಂಡು, ಒಂದು ಮೊರ ತೌಡಿಗೆ ತಾಯಿಗೇ ಮಾರಿದಳಂತೆ. ಕಸದ ಕೂಸು ಯಾರಿಗೆ ಬೇಕು, ಸಾವೂ ತಿರುಗಿ ನೋಡಲಿಲ್ಲವಂತೆ.

“ಅವ್ವ, ಅದನ್ನೆಲ್ಲ ಬಿಡ್ತೀವಿ ಅಂತ ಆಣಿ ಮಾಡೀವಿ.”

“ನೀ ಅಂದಿ, ಜಗಲಿ ಮ್ಯಾಲಿನ ದೇವ್ರು ತಗದೆ. ಒಂದು ಮಾತು ಅಂದ್ನೇನು? ದೇವರ್ನ ಬಿಟ್ಟೆ ನಿನ್ನ ಸಲುವಾಗಿ. ಕೂಸಿನ್ನೂ ಬಿಡಂದ್ರ ಹೆಂಗೋ?”

ಸಿಟ್ಟು ಬಂತು. ಅಳುವೂ ಬಂತು. ಡ್ಯೂಟಿಗೆ ಹೊತ್ತಾಗಿತ್ತು, ಎದ್ದು ಬಂದೆ.

೧೫ ನವೆಂಬರ್

ಬಬಲೇಶ್ವರ. ಗೌತಮಿ ಎಂಬ ಹೆಸರು ಹೇಳಿದರೆ ಚಂದ್ರಾ ನನ್ನ ಪರವಾಗಿ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ಕೂಸಿಗೆ ಹಾಲು ಕುಡಿಸುತ್ತಿದ್ದಳು. ಕಣ್ಣ ಕೆಳಗೆ ಕಪ್ಪು.

“ಅತ್ತಿ ಹೇಳಿದಂಗ ಮಾಡ್ರಿ.”

“ನೀನೂ ಹಂಗ ಅಂತೀಯಲ್ಲ ಚಂದ್ರಾ!”

“ಹೆಸರು ಉಳದಾವ್ರಿ. ಕೂಸು ಉಳದಿಲ್ಲ. ಎರಡ ಸಲ ಆತು.”

ಹೊರಗೆ ಹಾರ್ನ್. ಬಂದು ಟಿಕೇಟು ಹರಿದೆ. ಯಾರಿಗೆ ಎಷ್ಟು ಚಿಲ್ಲರೆ ಕೊಟ್ಟೆನೋ ನೆನಪಿಲ್ಲ.

೧೭ ನವೆಂಬರ್

ಸಾಕಾಯಿತು. ಹೂಂ ಅಂದುಬಿಟ್ಟೆ.

೧೯ ನವೆಂಬರ್

ಬಬಲೇಶ್ವರದಲ್ಲಿ ತೊಟ್ಟಿಲು ಆಯಿತು. ಬೆಳಿಗ್ಗೆ ತಿಪ್ಪೆಯ ಶಾಸ್ತ್ರ. ನಾನು ಹೋಗಲಿಲ್ಲ, ಬೇಲಿಯ ಆಚೆ ನಿಂತಿದ್ದೆ. ಕೂಸು ಒಮ್ಮೆ ಚೀರಿತು. ಅಕ್ಕ ಸೋನಾಬಾಯಿ ಎತ್ತಿಕೊಂಡಳು, ಚಂದ್ರಾ ಮೊರದ ತೌಡು ಕೊಟ್ಟು ತನ್ನ ಮಗಳನ್ನು ತಾನೇ ಕೊಂಡುಕೊಂಡಳು.

ಆಮೇಲೆ ಸೋದರತ್ತೆಯ ಕೆಲಸ. ಅಕ್ಕ ತೊಟ್ಟಿಲ ಮೇಲೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದಳು, ಹೆಸರು ಹೇಳಿದಳು. ಹೆಂಗಸರೆಲ್ಲ ನಗುತ್ತ ಅವಳ ಬೆನ್ನಿಗೆ ಗುದ್ದಿದರು. ಪದ್ಧತಿ. ಎಲ್ಲರೂ ನಕ್ಕರು. ಅವ್ವ ಮಾತ್ರ ಎದ್ದು ಹೊರಗೆ ಹೋಗಿ ಕೂತಳು. ಹೋಳಿಗೆ ಮುಟ್ಟಲಿಲ್ಲ.

ಟಿಕೋಟಾಕ್ಕೆ ಮರಳುವಾಗ ಬಸ್ಸಿನಲ್ಲಿ ಬಾಯಿ ಬಿಟ್ಟಳು.

“ಅಷ್ಟು ಸಣ್ಣ ಕಿವಿಯಾಗ ನನ್ನ ಹೆಸರು ಹಾಕಿದ್ರು. ಆ ಹೆಸರಿಲೆ ಯಾರೂ ನನ್ನ ಪ್ರೀತಿಲೆ ಕರದಿಲ್ಲೋ ದಶರಥಾ.”

“ಮತ್ತ ನೀನ ಹಟ ಹಿಡದಿ...”

“ಉಳೀಲಿ ಅಂತ. ಸಾಲಿಗೆ ಹೋಗೂತನಕ ಇರ್ಲಿ. ಆಮ್ಯಾಲ ನಿನ್ನ ಹೆಸರು ಇಡು. ಇದು ಎರವು ಕೊಟ್ಟೀನಿ. ನಂದು ನನಗ ಹೊಳ್ಳಿಸಿ ಕೊಡ್ರಿ.”

೨ ಏಪ್ರಿಲ್ ೧೯೬೨

ಒಂದು ಫಜೀತಿ. ಸೊಸೆ ಅತ್ತೆಯ ಹೆಸರು ಬಾಯಿಂದ ಆಡುವಂತಿಲ್ಲ. ಅಷ್ಟು ಜನ ಕೂಡಿ ತೊಟ್ಟಿಲು ಕಟ್ಟಿದೆವು, ಒಬ್ಬರಿಗೂ ಹೊಳೆಯಲಿಲ್ಲ! ಚಂದ್ರಾ ಮಗಳನ್ನು “ಬೇ”, “ಏ ಕೂಸ” ಎಂದೇ ಕರೆಯುತ್ತಾಳೆ. ನಾನೂ ಅವ್ವನ ಹೆಸರು ಹಿಡಿದು ಕರೆಯಲಾರೆ. ಲಾಲಸಾಬ ಬಿದ್ದು ಬಿದ್ದು ನಕ್ಕ.

ಇವತ್ತು ಬೀದಿಯಲ್ಲಿ ಯಾರೋ “ಏ ತಿಪ್ಪೀ” ಎಂದು ಒದರಿದರು. ಅವ್ವ ತಿರುಗಿದಳು. ಅವಳ ಸೊಂಟದ ಮೇಲಿದ್ದ ಕೂಸೂ ತಿರುಗಿತು. ನಾನು ಒಳಗೆ ಹೋದೆ.

೨೭ ಜನವರಿ ೧೯೬೪

ಮಗಳ ಜ್ವರ ಇಳಿದಿದೆ. ಮೂರು ಮಂದಿಯೂ ಸರದಿಯ ಮೇಲೆ ಕೂತಿದ್ದೆವು. ಎದ್ದವಳೇ ರೊಟ್ಟಿ ಕೇಳಿದಳು. ಯಾವುದರಿಂದ ಉಳಿದಳು? ವಿಜಾಪುರದ ಡಾಕ್ಟರ ಇಂಜೆಕ್ಷನ್ನು, ನನ್ನ ಲೆಕ್ಕದಲ್ಲಿ. ಅವ್ವನ ಎದುರು ಅನ್ನಲಿಲ್ಲ. ಜಗಳಕ್ಕೆ ಶಕ್ತಿಯೂ ಇಲ್ಲ.

೬ ಜೂನ್ ೧೯೬೬, ಸಂಜೆ

ರಜೆ ಹಾಕಿ ಮಗಳನ್ನು ಶಾಲೆಗೆ ಕರೆದುಕೊಂಡು ಹೋದೆ. ಚಂದ್ರಾ ಜೊತೆಗೆ ಬಂದಳು. ಮಗಳಿಗೆ ಹೊಸ ಹೆಸರು ಹೇಳಿಕೊಡಬೇಕೆಂದು ಎಷ್ಟೋ ದಿನದಿಂದ ಮನಸ್ಸಿನಲ್ಲಿತ್ತು. ಅವಳು ಮಲಗಿದ ಮೇಲೆ ಬರುತ್ತೇನೆ, ಏಳುವ ಮೊದಲು ಹೋಗುತ್ತೇನೆ. ಆಗಿರಲಿಲ್ಲ.

ಶಿವಯೋಗೆಪ್ಪ ಮಾಸ್ತರರು ಹೆಸರು ಕೇಳಿದರು. ಗೌತಮಿ ಎಂದೆ. ಮಗಳು ಇಲ್ಲ ಎಂದುಬಿಟ್ಟರೆ? ತಿಪ್ಪವ್ವ ಎಂದು ಒದರಿದರೆ?

ಮಾಸ್ತರರು ಬರೆದುಕೊಂಡು ತಲೆ ಎತ್ತಿದರು. “ಗೌತಮೀ, ಬಾ ಇತ್ತ.”

ಹೋಗಿ ನಿಂತಳು. ತಡವರಿಸಲೂ ಇಲ್ಲ.

ಹೊರಗೆ ಬಂದು ಕೇಳಿದೆ. “ಆ ಹೆಸರು ನಿನಗ ಹೆಂಗ ಗೊತ್ತು?”

“ನಮ್ಮವ್ವ ಕರೀತಾಳಲ್ಲ. ನೀ ಬಸ್ಸಿಗಿ ಹ್ವಾದ ಮ್ಯಾಲ.”

ಚಂದ್ರಾ ಸೆರಗು ಎಳೆದುಕೊಂಡಳು. “ಏನರ ಒಂದು ಕರೀಬೇಕಲ್ಲರಿ. ಅತ್ತಿ ಹೆಸರು ಹೆಂಗ ಹಿಡೀಲಿ? ಮೊದಲ ಹೆದರಿ ಹೆದರಿ ಕರದೆ, ಬಾಯಾಗಿಂದ ಬಾಯಾಗ. ಕೂಸಿಗಿ ಏನೂ ಆಗ್ಲಿಲ್ಲ. ಆಮ್ಯಾಲ ಜೋರಲೆ ಕರದೆ.”

“ನನಗ ಹೇಳಬಾರದೇನ?”

“ನೀವ ಆರಿಸಿದ ಹೆಸರು ಅದು. ನಿಮ್ಮ ಕಿವಿಗಿ ಬಿದ್ರ ಮತ್ತ ಏನಾಕ್ಕತೋ ಅಂತ ಅಂಜಿಕಿ ಇತ್ತು.”

ಅಷ್ಟು ವರ್ಷ ಆ ಹೆಸರು ನನ್ನ ಮನೆಯಲ್ಲೇ ಓಡಾಡಿಕೊಂಡಿತ್ತು. ನಾನು ಟಿಕೇಟು ಹರಿಯುತ್ತಿದ್ದೆ.

ಅವ್ವ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಈಗ ಕಣ್ಣು ಮಂಜು. ಹೆಜ್ಜೆ ಸಪ್ಪಳದಿಂದಲೇ ಗುರುತು ಹಿಡಿದಳು.

“ಬರಸಿದೇನು? ನಂದು ನನಗ ಹೊಳ್ಳಿ ಬಂತು?”

“ಬಂತವ್ವ.”

ಕಟ್ಟೆಯ ಮೇಲೆ ಸರಿದು ನನಗೆ ಜಾಗ ಮಾಡಿದಳು. ಆಮೇಲೆ ಅಂದಳು: “ಕೂಸು ಉಳೀತು, ಅದರ ಕೆಲಸ ಆತು. ಇನ್ನ ನನಗ್ಯಾಕೋ ಅದು? ಸಾಕಾಗೇತಿ. ನನಗೂ ಒಂದು ಇಡು.”

ನಗಲೋ ಅಳಲೋ ತಿಳಿಯಲಿಲ್ಲ. ಪಕ್ಕದಲ್ಲಿ ಕೂತೆ. “ಯಾವುದು ಬೇಕವ್ವ ನಿನಗ?”

“ಸಣ್ಣಾಕಿದ್ದಾಗಿಂದ ಒಂದು ಮನಸಿನ್ಯಾಗ ಇಟಗೊಂಡೀನಿ. ನಗಬಾರದು ಮತ್ತ. ಕಿವಿ ತಾ ಇತ್ತ.”

ಬಗ್ಗಿದೆ. ಎಲೆಯಡಿಕೆಯ ವಾಸನೆ. ಮೊದಲು ಕುರ್ರ್ ಎಂದಳು. ಆಮೇಲೆ —