ಹುಲಿಗೆವ್ವನ ಲೋಟ

ಬಿಸಿಲೂರು, ಫೆಬ್ರವರಿ ೩೦, ೨೧೯೧

ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ತುಟಿಯ ಗುಳ್ಳೆಗಳ ಬಗ್ಗೆ ಕರಪತ್ರ ಬರೆದ ಹಿರಿಯರಿಗೆ,

ತುಟಿಗೆ ಗುಳ್ಳೆ ಎದ್ದಿದ್ದ ಹೆಂಗಸನ್ನು ನಾನು ತುಂಬಿದ ಸಭೆಯಲ್ಲಿ ಅವಮಾನಿಸಿ, ಎಲ್ಲರೂ ಕುಡಿಯುವ ಬಟ್ಟಲಿಗೆ ಬಾಯಿ ಹಚ್ಚುವಂತೆ ಮಾಡಿದೆ. ಅದರಿಂದ ಒಂದು ಕೂಸು ಸಾಯುವ ಹಾಗಾಯಿತು. ಊರವರು ತಪ್ಪನ್ನು ಆ ಹೆಂಗಸಿನ ಮೇಲೆಯೇ ಹೊರಿಸಿದಾಗ ಸುಮ್ಮನಿದ್ದೆ.

ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ಐದು ಹಬ್ಬಕ್ಕೆ. ದಿನಾಂಕ ಕಂಡು ಗಾಬರಿಯಾಗಬೇಡಿ. ಕೆಲವು ಪದಗಳೂ ನಿಮಗೆ ಹೊಸವು, ಕ್ಷಮಿಸಿ. ಬತ್ತಿದ ಹಿನ್ನೀರಿನ ನೆಲದಲ್ಲಿ ಮೈಲುಗಟ್ಟಲೆ ಹರಡಿರುವ ಸೌರವಿದ್ಯುತ್ ಫಲಕಗಳಿಗೆ ನಾವು ಬಿಸಿಲಹಾಸು ಎನ್ನುತ್ತೇವೆ. ನಾನು ಅವಮಾನಿಸಿದ ಹುಲಿಗೆವ್ವ ಅದರ ದೂಳು ಒರೆಸುವವರು. ಮೇಲಿಂದ ಬಿಸಿಲು, ಕೆಳಗಿಂದ ಅದರದೇ ಝಳ. ವರ್ಷಕ್ಕೆ ನಾಲ್ಕೈದು ಸಲ ಅವರ ತುಟಿಯಂಚಿನಲ್ಲಿ ನೀರುಗುಳ್ಳೆಗಳು ಏಳುತ್ತವೆ.

ನಾನು ಹೊನ್ನೂರಮ್ಮ, ವಯಸ್ಸು ಇಪ್ಪತ್ತೆರಡು. ಹಳೆಯ ಕರಪತ್ರಗಳ ಒಂದು ಕಟ್ಟೇ ನನ್ನ ಶಾಲೆ. ಲೋಟ ಎತ್ತಿ ಬಾಯಿಗೆ ಸುರಿದುಕೊಳ್ಳುವುದು ಮಡಿ ಮೈಲಿಗೆಯ ಉಳಿಕೆ ಎಂದು ಅವುಗಳಿಂದ ತೀರ್ಮಾನಿಸಿ, ಸಮಬಟ್ಟಲು ಶುರು ಮಾಡಿದೆ. ಊರ ಸಭೆಯಲ್ಲಿ ಒಂದೇ ಬಟ್ಟಲಿನ ಅಂಬಲಿ, ಎಲ್ಲರೂ ಕಚ್ಚಿ ಕುಡಿಯಬೇಕು. ನಿಮ್ಮ ಹಾಳೆಯೂ ಆ ಕಟ್ಟಿನಲ್ಲೇ ಇತ್ತು. ಅದರಲ್ಲಿ ಕಿಡಿಯಿಲ್ಲವೆಂದು ಮಡಚಿ, ಅಲುಗಾಡುವ ಮೇಜಿನ ಕಾಲಿನಡಿ ಇಟ್ಟಿದ್ದೆ.

ಆ ದಿನ ಹುಲಿಗೆವ್ವ ಬಟ್ಟಲನ್ನು ಎತ್ತಿ ಸುರಿದುಕೊಳ್ಳಲು ಹೋದರು. ಯಾರ ಎಂಜಲಿಗೆ ಹೇಸುತ್ತೀರಿ ಎಂದು ಕೇಳಿದೆ.

“ಹೇಸಿಕಿ ಅಲ್ಲ ತಂಗಿ. ತುಟಿಗೆ ಗುಳ್ಳಿ ಎದ್ದಾವು. ನನ್ನ ಹಿಂದ ಕೂಸು ಕುಡೀತೈತಿ.”

ಇಂಥ ನೆಪಗಳನ್ನು ನೂರಾರು ವರ್ಷ ಕೇಳಿದ್ದೇವೆ ಎಂದೆ. ಜನ ಚಪ್ಪಾಳೆ ತಟ್ಟಿದರು. ಅವರು ತಲೆ ತಗ್ಗಿಸಿ ಕುಡಿದರು. ಮುಂದಿನ ಗುಟುಕು ನನ್ನ ಅಕ್ಕನ ಮಗ, ಒಂದೂವರೆ ವರ್ಷದ ದ್ಯಾಮನಿಗೆ. ಆರನೆಯ ದಿನ ಅವನಿಗೆ ಸುಡುವ ಜ್ವರ. ಒಸಡು, ನಾಲಿಗೆ ತುಂಬ ಹುಣ್ಣು. ಹನಿ ನೀರೂ ಇಳಿಯಲಿಲ್ಲ, ಉಚ್ಚೆ ಕಟ್ಟಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಗ್ಲೂಕೋಸ್ ಏರಿಸಿ ಉಳಿಸಿಕೊಂಡರು.

ರೋಗ ತಂದವರು ಹುಲಿಗೆವ್ವ ಎಂದು ಊರವರು ಅವರ ಲೋಟವನ್ನೇ ಬೇರೆ ಮಾಡಿದರು. ಈಗ ಅದು ಸಭಾಮನೆಯ ಹೊರಗೋಡೆಯ ಮೊಳೆಗೆ ತೂಗುತ್ತದೆ. ಗುಳ್ಳೆ ಮಾಯ್ದು ತಿಂಗಳಾದರೂ ಅದನ್ನು ಯಾರೂ ಮುಟ್ಟುವುದಿಲ್ಲ. ಅದಕ್ಕೆ ಅಂಬಲಿಯನ್ನು ದೂರದಿಂದ ಹೊಯ್ಯುತ್ತಿದ್ದರು. ಹುಲಿಗೆವ್ವ ಸಭೆಗೆ ಬರುವುದನ್ನೇ ಬಿಟ್ಟಿದ್ದಾರೆ. ಮೊಳೆ ಹೊಡೆದವಳು ನಾನಲ್ಲ. ಹೊಡೆಯುವಾಗ ಅಲ್ಲೇ ನಿಂತಿದ್ದೆ.

ಮೊನ್ನೆ ನಿಮ್ಮ ಹಾಳೆಯನ್ನು ತೆಗೆದು ಓದಿದೆ. ಈ ವೈರಾಣು ಬಹಳ ಜನರಿಗೆ ಚಿಕ್ಕಂದಿನಲ್ಲೇ, ಮನೆಯವರು ಕೊಡುವ ಮುತ್ತಿನಿಂದಲೇ ಅಂಟುತ್ತದಂತೆ. ನರದಲ್ಲಿ ಅಡಗಿದ್ದು ಬಿಸಿಲಿಗೆ, ಜ್ವರಕ್ಕೆ, ದಣಿವಿಗೆ ಮತ್ತೆ ಏಳುತ್ತದಂತೆ. ತುಟಿ ಚುರುಗುಟ್ಟಿದ ಕೂಡಲೇ ವೈದ್ಯರು ಕೊಟ್ಟ ಮುಲಾಮು ಹಚ್ಚಬೇಕು, ಗುಳ್ಳೆ ಚಿವುಟಬಾರದು, ಹಕ್ಕಳೆ ಉದುರುವ ತನಕ ಲೋಟ, ಟವೆಲು ಹಂಚಿಕೊಳ್ಳಬಾರದು, ಕೂಸುಗಳಿಗೆ ಮುತ್ತು ಕೊಡಬಾರದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂದೂ ಬರೆದಿದ್ದೀರಿ. ಅಂದರೆ ಚಪ್ಪಾಳೆ ತಟ್ಟಿದವರಲ್ಲಿ ಅರ್ಧಕ್ಕೂ ಹೆಚ್ಚು ಜನರೊಳಗೆ, ಬಹುಶಃ ನನ್ನೊಳಗೂ, ಅದು ಮಲಗಿದೆ.

ಇಂಥ ಹಾಳೆಗಳನ್ನು ಇನ್ನಷ್ಟು ಬರೆಯಿರಿ. ಕಿಡಿಯಿಲ್ಲದಿದ್ದರೂ ಬರೆಯಿರಿ.

ನಿನ್ನೆ ಹುಲಿಗೆವ್ವನ ಬಾಗಿಲಿಗೆ ಹೋದೆ. ಗುರುವಾರದ ಸಭೆಯ ಎದುರೇ ತಪ್ಪೊಪ್ಪಿಕೊಂಡು ಈ ಕರಪತ್ರ ಓದುತ್ತೇನೆ, ಬನ್ನಿ ಎಂದೆ. ಅವರು ಒರೆಸುವ ಬಟ್ಟೆಗಳನ್ನು ಒಂದೊಂದಾಗಿ ಹಿಂಡಿ ಹರವಿ ಮುಗಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಗುರುವಾರ ಸಂಜಿ ನಾಲ್ಕಕ್ಕ ಬರ್ತೀನಿ. ಆ ಮೊಳಿ ಹತ್ರ ನಿಂತಿರು, ನನ್ನ ಲೋಟದ ಬಾಜೂಕ ಹಾಕಾಕ ನಿನ್ನ ಲೋಟಾನೂ ತಗೊಂಡು.”