ಡಬ್ಬಿ ವ್ಯಾನನ್ನೇ ಏಕೆ ಕೊಳ್ಳುತ್ತಾರೆ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಬೆಳಿಗ್ಗೆ ಏನಾದರೂ ತಿಂದು ಆಫೀಸಿಗೆ ಹೋಗುತ್ತೀಯೋ, ಇಲ್ಲ ಬರೀ ಕಾಫಿ ಕುಡಿದು ಓಡುತ್ತೀಯೋ? ದಿನಾ ದೇವರ ಮುಂದೆ ಮೊದಲು ನಿನ್ನ ಹೆಸರು ಹೇಳಿ ಆಮೇಲೆ ನಿಮ್ಮಪ್ಪನದ್ದು ಹೇಳುತ್ತೇನೆ. ಈ ನಡುವೆ ಅಪ್ಪನಿಗಾಗಿ ಬೇಡಿಕೊಳ್ಳುವುದರಲ್ಲೇ ಹೆಚ್ಚು ಹೊತ್ತಾಗುತ್ತಿದೆ. ಫೋನಿನಲ್ಲಿ ಹೇಳೋಣವೆಂದರೆ ಅವರು ಪಕ್ಕದಲ್ಲೇ ಕೂತಿರುತ್ತಾರೆ, ಅದಕ್ಕೇ ಪತ್ರ. ಗಾಬರಿಯಾಗದೆ ಪೂರ್ತಿ ಓದು.

ನೀನು ಕಳಿಸಿದ್ದ ಮೂವತ್ತು ಫಾರಂ ತುಂಬಿಸಿ ಇದರ ಜೊತೆಗೇ ಇಟ್ಟಿದ್ದೇನೆ. ನಮ್ಮ ಗ್ಯಾರೇಜಿಗೆ ಬರುವ ಡ್ರೈವರುಗಳು ಬೇರೆ ಯಾವ ಗಾಡಿಯನ್ನೂ ನೋಡದೆ ನಿಮ್ಮ ಕಂಪನಿಯ ಡಬ್ಬಿ ವ್ಯಾನನ್ನೇ ಏಕೆ ಕೊಳ್ಳುತ್ತಾರೆ, ಕೇಳಮ್ಮ ಅಂತ ನೀನು ಅಂದಿದ್ದೆ. ನಿಮ್ಮ ದೊಡ್ಡ ಸಾಹೇಬರಿಗೆ ಉತ್ತರ ಆಗಲೇ ಗೊತ್ತಂತೆ, ಗಾಡಿ ಗಟ್ಟಿ ಅದಕ್ಕೆ ಅಂತ. ಸೋಮವಾರ ನೀನು ಅದನ್ನೇ ತೋರಿಸಿಕೊಟ್ಟರೆ ಕೆಲಸ ಕಾಯಂ. ಅವರು ಮೆಚ್ಚುವ ಉತ್ತರವೇ ಬಂದಿದೆ ನೋಡು, ಮೂವತ್ತು ಜನರೂ "ಗಟ್ಟಿ" ಅನ್ನುವ ಮೊದಲನೇ ಚೌಕಕ್ಕೇ ಗೀಟು ಹಾಕಿದ್ದಾರೆ. ಸೊಪ್ಪಿನ ವ್ಯಾನಿನವನಂತೂ ಗೀಟು ಹಾಕಿ ಪೆನ್ನು ವಾಪಸು ಕೊಟ್ಟ ಮೇಲೆ "ಏನ್ ಕೇಳಿದ್ರಕ್ಕ ಇದ್ರಲ್ಲಿ?" ಅಂದ.

ನನಗೆ ಸಮಾಧಾನವಾಗಲಿಲ್ಲ. ಗಟ್ಟಿ ಗಾಡಿಗಳೆಲ್ಲ ನಮ್ಮ ಅಂಗಳದಲ್ಲಿ ಯಾಕೆ ಸಾಲಾಗಿ ನಿಂತಿವೆ? ಒಂದರ ಬಾಗಿಲಿಗೆ ಹಗ್ಗ, ಇನ್ನೊಂದರ ಗೇರ್ ಹಾಕಲು ಎರಡು ಕೈ ಬೇಕು. ಮರುದಿನ ಚಹಾ ಕೊಡುತ್ತಾ ಒಬ್ಬೊಬ್ಬರನ್ನೇ ಬೇರೆ ಥರ ಕೇಳಿದೆ, ನಮ್ಮ ಯಜಮಾನರು ರಿಪೇರಿ ಬಿಟ್ಟರೆ ಆಗಲೂ ಇದನ್ನೇ ತಗೋತೀರಾ ಅಂತ. ಇಪ್ಪತ್ತಾರು ಜನ ಇಲ್ಲ ಅಂದರು. ಸ್ಕೂಲ್ ವ್ಯಾನಿನವನು ನಕ್ಕುಬಿಟ್ಟ. "ಈ ಡಬ್ಬೀನ ಯಾರ್ ಮುಟ್ತಾರಕ್ಕ? ಮೇಸ್ತ್ರಿ ಇದ್ದಾರೆ ಅನ್ನೋ ಧೈರ್ಯ, ಅಷ್ಟೇ." ಇದನ್ನೆಲ್ಲ ಫಾರಮ್ಮಿನ ಹಿಂಬದಿಯಲ್ಲಿ ಬರೆದಿದ್ದೇನೆ. ಬರೆಯುವಾಗ ನಿಮ್ಮಪ್ಪನ ಮೇಲೆ ಹೆಮ್ಮೆಯಾಯಿತು. ಬರೆದು ಮುಗಿಸುವಷ್ಟರಲ್ಲಿ ಭಯವೂ ಆಯಿತು.

ಯಾಕೆಂದರೆ, ಮೂರು ತಿಂಗಳಿಂದ ಅವರ ಬಲಗೈ ನಡುಗುತ್ತಿದೆ. ಅಂಗಿಯ ಗುಂಡಿ ನಾನೇ ಹಾಕುತ್ತೇನೆ. ಡ್ರೈವರುಗಳು ಬಂದರೆ ಕೈ ಜೇಬಿಗೆ ಹೋಗುತ್ತದೆ. ಮಗಳಿಗೆ ಹೇಳಿದರೆ ನನ್ನಾಣೆ ಅಂದಿದ್ದರು. ಆಣೆ ಮುರಿದದ್ದಕ್ಕೆ ಬೆಳಿಗ್ಗೆಯೇ ದೇವರಲ್ಲಿ ತಪ್ಪೊಪ್ಪಿಕೊಂಡಿದ್ದೇನೆ. ಹೋದ ತಿಂಗಳು ಸ್ಕೂಲ್ ವ್ಯಾನಿನ ಹಿಂದಿನ ಚಕ್ರ ಒರೆಸುತ್ತಿದ್ದಾಗ ಅವರು ಬಿಗಿದಿದ್ದ ಎರಡು ನಟ್ಟು ನನ್ನ ಬೆರಳಿಗೇ ತಿರುಗಿದವು. ಅಂದಿನಿಂದ ಅವರು ಕೈ ತೊಳೆಯಲು ಒಳಗೆ ಹೋದ ತಕ್ಷಣ ನಾನು ಸ್ಪ್ಯಾನರ್ ಹಿಡಿದು ಒಂದೊಂದು ನಟ್ಟನ್ನೂ ಬಿಗಿ ಮಾಡುತ್ತೇನೆ. ಏನು ಸದ್ದು ಅಂದರೆ ಬಕೆಟ್ಟು ಎತ್ತಿಟ್ಟೆ ಅನ್ನುತ್ತೇನೆ. ಈ ವಯಸ್ಸಿಗೆ ಸುಳ್ಳು ಕಲಿತೆ.

ಈಗ ಹೇಳು, ಏನು ಮಾಡಲಿ? ಹಿಂಬದಿಯದ್ದನ್ನು ಆಫೀಸಿನಲ್ಲಿ ತೋರಿಸಿದರೆ ಆ ಮೇಸ್ತ್ರಿ ಯಾರು ಅಂತ ಹುಡುಕಿಕೊಂಡು ಬರುತ್ತಾರೆ, ಕೈ ನೋಡುತ್ತಾರೆ, ಅಪ್ಪನ ಮಾನ ಹೋಗುತ್ತದೆ. ಮುಂಬದಿ ಮಾತ್ರ ತೋರಿಸಿದರೆ ನೀನು ಸುಳ್ಳು ಹೇಳಿದಂತೆ. ಇಷ್ಟರ ಮೇಲೆ ಸ್ಕೂಲ್ ವ್ಯಾನಿನವನು ಶುಕ್ರವಾರ ಇನ್ನೊಂದು ಡಬ್ಬಿಯನ್ನೇ ತರುತ್ತಾನಂತೆ, ಇದೇ ಕೈಯನ್ನು ನಂಬಿ. ಅದರಲ್ಲಿ ಹನ್ನೆರಡು ಮಕ್ಕಳು ಕೂರುತ್ತವೆ. ಇವತ್ತು ಅವನು ಬಂದರೆ ಹೇಳಿಬಿಡಬೇಕು ಅಂದುಕೊಂಡಿದ್ದೇನೆ. ಬಾಯಿ ಬರುತ್ತದೋ ಇಲ್ಲವೋ.

ದೇವರು ನಿನಗೆ ಸರಿಯಾದ ಬುದ್ಧಿ ಕೊಡಲಿ, ಉಳಿದದ್ದು ನನಗೂ ಒಂದಿಷ್ಟು ಕೊಡಲಿ. ನಿನ್ನ ರೂಮಿನ ಗೆಳತಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಮ್ಮ

ತಾ.ಕ.: ಅಂಟಿಸಿದ್ದ ಕವರು ಬಿಚ್ಚಿ ಬರೆಯುತ್ತಿದ್ದೇನೆ. ಸೊಪ್ಪಿನ ವ್ಯಾನಿನವನು ನಿನ್ನ ಊರಿಗೇ ಹೊರಟಿದ್ದಾನೆ, ಇದನ್ನು ಅವನ ಕೈಯಲ್ಲೇ ಕಳಿಸುತ್ತೇನೆ, ಹಾರ್ನ್ ಹೊಡೆಯುತ್ತಿದ್ದಾನೆ. ಸ್ಕೂಲ್ ವ್ಯಾನಿನವನು ಬಂದಿದ್ದ, ಅಪ್ಪನ ಕೈ ವಿಚಾರ ಹೇಳಿಬಿಟ್ಟೆ. ಅವನು ತಲೆ ಎತ್ತಲಿಲ್ಲ. "ಗೊತ್ತಕ್ಕ. ಎಲ್ರಿಗೂ ಗೊತ್ತು. ನಿಮ್ಮ ಬೀದಿ ತಿರುವು ದಾಟಿದ್ಮೇಲೆ ಗಾಡಿ ನಿಲ್ಸಿ ನಾವೇ ಬಿಗಿ ಮಾಡ್ಕೋತೀವಿ. ನಟ್ಟು ತಿರುಗ್ಸೋಕೆ ನಮಗೂ ಕೈ ಇದೆ. ಇಂಜಿನ್ ಸದ್ದು ಕೇಳಿ ಎಲ್ಲಿ ಕೆಟ್ಟಿದೆ ಅಂತ ಹೇಳೋ ಮೇಸ್ತ್ರಿ ಕಿವಿ ನಮಗೆಲ್ಲಿದೆ? ಮೇಸ್ತ್ರಿಗೆ ಮಾತ್ರ ಹೇಳ್ಬೇಡಿ" ಅಂದ. ಅಂದರೆ ಇವರೆಲ್ಲ ನಂಬಿರುವುದು ಕೈಯನ್ನಲ್ಲ, ಕಿವಿಯನ್ನು; ಫಾರಮ್ಮಿನ ಹಿಂದೆ ನಾನು ಬರೆದದ್ದೂ ಅರ್ಧ ತಪ್ಪು. ನಿಮ್ಮಪ್ಪ ಒಮ್ಮೆ, ನಾನೊಮ್ಮೆ, ಡ್ರೈವರುಗಳೊಮ್ಮೆ ಬಿಗಿದು ಆ ಬೋಲ್ಟುಗಳ ಗತಿ ಏನಾಗಿದೆಯೋ. ಊರೆಲ್ಲ ನೋಡಿದ ಕೈಯನ್ನು ಡಾಕ್ಟರು ಮಾತ್ರ ನೋಡಿಲ್ಲ. ನಾನು ಕರೆದರೆ ಅಪ್ಪ ಆಸ್ಪತ್ರೆಗೆ ಬರುವುದಿಲ್ಲ, ನೀನು ಕರೆದರೆ ಇಲ್ಲ ಅನ್ನುವುದಿಲ್ಲ. ವರದಿ ಏನಾದರೂ ಆಗಲಿ, ಶನಿವಾರ ಮೊದಲ ಬಸ್ಸಿಗೆ ಬಾ. ಯಾಕೆ ಬಂದೆ ಅಂದರೆ ಫಾರಂ ವಿಚಾರಕ್ಕೆ ಅನ್ನು.