ಅತ್ತೆ ತೊಟ್ಟ ನೈಟಿ

ಡಿಸೆಂಬರ್ 13, ಶನಿವಾರ. ಮಂಗಳೂರು.

ಮಗು ಹುಟ್ಟಿದ ಮೇಲೆ ಜಿತೇಂದ್ರ, ನಾನು ಇಬ್ಬರೇ ಹೊರಟದ್ದು ಇದೇ ಮೊದಲು. ಒಂಬತ್ತು ತಿಂಗಳ ಲಕ್ಷಿತ್ ಉಚ್ಚಿಲದಲ್ಲಿ ಅತ್ತೆಯ ಹತ್ತಿರ. ಎಂಟು ಗಂಟೆಗೆ ತಡೆಯಲಾರದೆ ವೀಡಿಯೊ ಕಾಲ್ ಮಾಡಿದೆ. ತಪ್ಪು ನನ್ನದೇ. ನನ್ನ ಮುಖ ಕಂಡದ್ದೇ ಅಳು ಶುರು, ಒಂದು ಗಂಟೆಯಾದರೂ ನಿಲ್ಲಲಿಲ್ಲ. ವಾಪಸು ಹೋಗೋಣವೆಂದು ಬ್ಯಾಗ್ ತುಂಬಿಸಿದೆ, ಜಿತೇಂದ್ರ ಕಾರಿನ ಕೀ ಹಿಡಿದು ನಿಂತರು.

ಅಷ್ಟರಲ್ಲಿ ಅತ್ತೆಯ ಫೋನ್. "ಮಲಗಿದ ಮಾರಾಯ್ತಿ."

"ಹೇಗೆ ಅತ್ತೆ?"

"ನೀನು ಬಿಚ್ಚಿಟ್ಟು ಹೋದ ನೈಟಿ ಹಾಕಿ ಎತ್ತಿಕೊಂಡೆ. ಅವನಿಗೆ ನಿನ್ನ ವಾಸನೆ ಬೇಕು, ನನ್ನದು ಮೀನಿನ ವಾಸನೆ ಅಲ್ವಾ? ನಗಬೇಡ, ಕಂಕುಳಲ್ಲಿ ಹೊಲಿಗೆ ಬಿಟ್ಟಿತು. ಇನ್ನು ನೀನು ಫೋನ್ ಮಾಡುವುದು ಬೇಡ."

ಮೂವತ್ತು ವರ್ಷ ಮೀನು ಮಾರಿದ ಅತ್ತೆ ಸೀರೆ ಬಿಟ್ಟು ಬೇರೆ ತೊಟ್ಟದ್ದನ್ನು ನಾನು ನೋಡಿಯೇ ಇಲ್ಲ.

"ಅಮ್ಮ ನೈಟಿಯಲ್ಲಿ!" ಎಂದು ಜಿತೇಂದ್ರ ನಕ್ಕು ಕೀ ಮೇಜಿನ ಮೇಲಿಟ್ಟರು. ನಾನು ಬ್ಯಾಗಿನಿಂದ ಬಟ್ಟೆ ಹೊರಗೆ ತೆಗೆದೆ.

ನಿದ್ದೆ ಈಗಲೂ ಇಲ್ಲ, ಆದರೆ ಹೆದರಿಕೆಯೂ ಇಲ್ಲ. ನಾಳೆ ಸಂಜೆಯೇ ಹೊರಡುವುದು. ಅದಕ್ಕೆ ಮೊದಲು ಅತ್ತೆಯ ಅಳತೆಯ ನೈಟಿ ಒಂದು ತೆಗೆದುಕೊಳ್ಳಬೇಕು. ಎರಡು ರಾತ್ರಿ ನಾನೇ ಹಾಕಿ ಮಲಗಿ, ತೊಳೆಯದೆ ಅವರಿಗೆ ಕೊಡಬೇಕು, ಮುಂದಿನ ಸಲ ನಾವು ಹೊರಟಾಗ ಬೇಕಾಗುತ್ತದೆ.